ಕೊನೆಯ ಮನೆಯ ಸೂಜಿ

ಬಸ್ಸು ಹತ್ತಿದಾಗಿನಿಂದ ದೊನಾತಾ ಮಡಿಲಲ್ಲಿದ್ದ ಕೈಚೀಲವನ್ನು ಮೂರು ಸಲ ತೆರೆದು ಮುಚ್ಚಿದ್ದಳು. ಒಳಗೆ ಎರಡು ಕಾಗದಗಳಿದ್ದವು. ಒಂದು ಹೋದ ಡಿಸೆಂಬರಿನಲ್ಲಿ ಆಸ್ಪತ್ರೆಯವರು ಕೊಟ್ಟ ರಕ್ತಪರೀಕ್ಷೆಯ ಹಾಳೆ. ಇನ್ನೊಂದು ನಾದಿನಿ ಮಿಕೆಲೀನಾಳ ಜ್ಞಾನಸ್ನಾನದ ಚೀಟಿ, ಪುಲ್ಯಾದ ಬಯಲಿನ ಯಾವುದೋ ಸಣ್ಣ ಚರ್ಚಿನ ಪಾದ್ರಿ ಅರವತ್ತೊಂದು ವರ್ಷದ ಹಿಂದೆ ಬರೆದುಕೊಟ್ಟದ್ದು, ಮಡಿಕೆಗಳಲ್ಲಿ ಸವೆದು ನಾಲ್ಕು ತುಂಡಾಗಲು ಕಾದಿರುವುದು. ಎರಡೂ ಇದ್ದಲ್ಲೇ ಇವೆ ಎಂದು ಕಣ್ಣಿಗೆ ಕಂಡರೂ ಬೆರಳಿಗೆ ನಂಬಿಕೆ ಬರುತ್ತಿರಲಿಲ್ಲ. ಪಕ್ಕದಲ್ಲಿ ಮಿಕೆಲೀನಾ ಕಿಟಕಿಯ ಗಾಜಿಗೆ ಹಣೆ ಕೊಟ್ಟು ನಿದ್ದೆ ಹೋಗಿದ್ದಳು. ಈಗೀಗ ಅವಳು ಕೂತಲ್ಲೆಲ್ಲ ನಿದ್ದೆ ಹೋಗುತ್ತಾಳೆ. ಹೊಲಿಗೆ ಯಂತ್ರದ ಮುಂದೆ, ಚರ್ಚಿನಲ್ಲಿ ಪೂಜೆ ನಡೆಯುತ್ತಿರುವಾಗ, ಒಲೆಯ ಮೇಲೆ ಕಾಳು ಬೇಯುತ್ತಿರುವಾಗ. ಬಾಯಿ ಸ್ವಲ್ಪ ತೆರೆದಿತ್ತು. ಆ ತೆರೆದ ಬಾಯಿ ನೋಡಿದರೆ ದೊನಾತಾಳಿಗೆ ಅರವತ್ತು ದಾಟಿದ ಹೆಂಗಸು ಕಾಣುವುದಿಲ್ಲ, ಎಂಟು ವರ್ಷದ ಪೀಚು ಹುಡುಗಿ ಕಾಣುತ್ತಾಳೆ. ಆದ್ದರಿಂದ ಅವಳು ರಸ್ತೆಯ ಕಡೆ ನೋಡುತ್ತ ಕೂತಳು. ಜನವರಿಯ ಹಿಮ ಇಳಿಜಾರಿನಲ್ಲಿ ಕೆಸರಿನ ಜೊತೆ ಸೇರಿ ಬೂದು ಬಣ್ಣಕ್ಕೆ ತಿರುಗಿತ್ತು.

ಹಾಳೆಯ ಕೊನೆಯ ಸಾಲಿನಲ್ಲಿ ಪೆನ್ಸಿಲಿನಿಂದ ಸುತ್ತು ಹಾಕಿದ ಅಂಕಿ 3.22. ಡಾಕ್ಟರ್ ಲೊತೀತೊ ಡಿಸೆಂಬರಿನಲ್ಲಿ ಅದನ್ನು ಇಬ್ಬರಿಗೂ ಬಿಡಿಸಿ ಹೇಳಿದ್ದರು, ಅವಸರವಿಲ್ಲದ ಹೆಂಗಸು. ಹೆಪಟೈಟಿಸ್ ಸಿ ಎಂಬ ರೋಗಾಣು ಮಿಕೆಲೀನಾಳ ಯಕೃತ್ತಿನಲ್ಲಿ ಹತ್ತಾರು ವರ್ಷದಿಂದ ಮನೆ ಮಾಡಿದೆ. ಇದ್ದಲ್ಲಿ ಗಾಯ ಮಾಡಿದೆ, ಗಾಯ ಮಾಗಿ ಕಲೆಗಟ್ಟಿದೆ. ಕಲೆ ಎಷ್ಟೆಂದು ತಿಳಿಯಲು ಹಿಂದೆಲ್ಲ ಪಕ್ಕೆಗೆ ದಪ್ಪ ಸೂಜಿ ಇಳಿಸಿ ಯಕೃತ್ತಿನ ಚೂರನ್ನೇ ತೆಗೆಯುತ್ತಿದ್ದರು. ಈಗ ಅದರ ಬಿಗಿಯನ್ನು ಹೊರಗಿನಿಂದಲೇ ಅಳೆಯುವ ಯಂತ್ರ ಬಂದಿದೆ, ಆದರೆ ಅದರ ಸರದಿ ಸಿಗುವುದು ಸೆಪ್ಟೆಂಬರಿಗೆ. ಅಲ್ಲಿಯವರೆಗೆ ರಕ್ತ ಹೇಳಿದ್ದೇ ಸಾಕ್ಷಿ. ಯಕೃತ್ತು ಕೆಟ್ಟಾಗ ರಕ್ತಕ್ಕೆ ಸೋರುವ ಎಂಜೈಮುಗಳು ಎರಡು. ರಕ್ತವನ್ನು ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ಟು ಒಂದು, ಅದು ಕಲೆ ಬಲಿತಷ್ಟೂ ಇಳಿಯುತ್ತದೆ. ಮೊದಲನೆಯ ಎಂಜೈಮನ್ನು ರೋಗಿಯ ವಯಸ್ಸಿನಿಂದ ಗುಣಿಸಿ, ಪ್ಲೇಟ್‌ಲೆಟ್ಟಿನಿಂದ ಒಮ್ಮೆ, ಎರಡನೆಯ ಎಂಜೈಮಿನ ವರ್ಗಮೂಲದಿಂದ ಇನ್ನೊಮ್ಮೆ ಭಾಗಿಸಬೇಕು. ಉತ್ತರ 3.25 ದಾಟಿದರೆ ಕಲೆ ಬಲಿತಿದೆ ಎಂದು ಅರ್ಥ. ಹೊಸ ಮಾತ್ರೆ ಸರ್ಕಾರದ ಕಡೆಯಿಂದ ಸಿಗುತ್ತದೆ, ಹನ್ನೆರಡು ವಾರ ನುಂಗಿದರೆ ರೋಗಾಣು ಹೋಗುತ್ತದೆ. ದಾಟದಿದ್ದರೆ ಆರು ತಿಂಗಳು ಬಿಟ್ಟು ಬರಬೇಕು. ಮಾತ್ರೆ ಎಲ್ಲರಿಗೂ ಆಗುವಷ್ಟು ಇಲ್ಲ, ಹೆಚ್ಚು ಕೆಟ್ಟವರಿಗೆ ಮೊದಲು. ಅಂದರೆ ಇನ್ನಷ್ಟು ಕೆಟ್ಟು ಬನ್ನಿ ಎಂದ ಹಾಗೆ, ಎಂದು ಮಿಕೆಲೀನಾ ನಕ್ಕಿದ್ದಳು. ದೊನಾತಾಳಿಗೆ ನಗು ಬರಲಿಲ್ಲ. ಅವರ ಬೀದಿಯ ಬೆರಾರ್ದಿನಾ ಹೀಗೆಯೇ ಆರಾರು ತಿಂಗಳು ಬಿಟ್ಟು ಎರಡು ಸಲ ಹೋಗಿ ಬಂದಿದ್ದಳು. ಮೂರನೆಯ ಸಲಕ್ಕೆ ಮೊದಲೇ ಒಂದು ಬೆಳಿಗ್ಗೆ ಅಡುಗೆಮನೆಯ ತೊಟ್ಟಿಗೆ ರಕ್ತ ಕಾರಿಕೊಂಡು ಸತ್ತಳು.

ಅಡುಗೆಮನೆಯ ಕ್ಯಾಲೆಂಡರಿನ ಹಿಂದೆ ದೊನಾತಾ ಈ ಲೆಕ್ಕವನ್ನು ತಾನೇ ಮಾಡಿ ನೋಡಿದ್ದಳು. ಐದನೆಯ ಕ್ಲಾಸಿಗೆ ಶಾಲೆ ಬಿಟ್ಟವಳು, ಆದರೆ ಮಗ್ಗಿ ಮರೆತವಳಲ್ಲ. ಎರಡನೆಯ ಎಂಜೈಮು ಎಂಬತ್ತೊಂದು. ಒಂಬತ್ತೊಂಬತ್ಲೆ ಎಂಬತ್ತೊಂದು, ವರ್ಗಮೂಲವೆಂದರೆ ಒಂಬತ್ತು, ಅಷ್ಟೇ ತಾನೆ. ಅರವತ್ತು ಹಾಕಿದರೆ 3.22 ಬಂತು. ಅರವತ್ತೊಂದು ಹಾಕಿದಳು, 3.28 ಬಂತು, ಗೆರೆ ದಾಟಿತು. ಪೆನ್ಸಿಲು ಅಲ್ಲೇ ನಿಂತಿತು. ಏಕೆಂದರೆ ಮಿಕೆಲೀನಾಳ ನಿಜವಾದ ವಯಸ್ಸು ಅರವತ್ತೊಂದೇ. ಅವರ ಕಾಲದಲ್ಲಿ ತಮ್ಮ ಬೆಟ್ಟಸೀಮೆ ಮೊಲಿಸೆಯ ಕುರುಬರೆಲ್ಲ ಚಳಿಗೆ ಮುಂಚೆ ಮಂದೆ ಹೊಡೆದುಕೊಂಡು ಪುಲ್ಯಾದ ಬಯಲಿಗೆ ಇಳಿಯುತ್ತಿದ್ದರು, ಹುಲ್ಲು ಒಣಗುವ ಹೊತ್ತಿಗೆ ಬೆಟ್ಟ ಹತ್ತುತ್ತಿದ್ದರು. ಆ ವರ್ಷ ಮಾವ ತುಂಬಿದ ಬಸುರಿ ಅತ್ತೆಯನ್ನೂ ಕರೆದುಕೊಂಡು ಹೋದರು. ಮಿಕೆಲೀನಾ ಐವತ್ತೈದನೆಯ ಇಸವಿಯ ಅಕ್ಟೋಬರಿನಲ್ಲಿ ಅಲ್ಲಿನ ಕೊಟ್ಟಿಗೆಯಲ್ಲಿ ಹುಟ್ಟಿದಳು, ಉಳಿಯಲಿಕ್ಕಿಲ್ಲ ಎಂದು ಮೂರನೆಯ ದಿನವೇ ಜ್ಞಾನಸ್ನಾನ ಮಾಡಿಸಿದರು. ಊರಿನ ಕಚೇರಿಯಲ್ಲಿ ಬರೆಸಿದ್ದು ಮಾತ್ರ ಮರುವರ್ಷದ ಜೂನಿನಲ್ಲಿ, ಹಿಂದಿರುಗಿದ ಮೇಲೆ. ತಡವಾಯಿತೆಂದರೆ ದಂಡ ಹಾಕುತ್ತಾರೆ, ಆದ್ದರಿಂದ ಮಾವ ನಿನ್ನೆ ಹುಟ್ಟಿದಳು ಎಂದರು. ಎಂಟು ತಿಂಗಳ ಕೂಸು, ಹಲ್ಲು ಬಂದಿತ್ತಂತೆ. ಗುಮಾಸ್ತ ಕಂಬಳಿ ಸರಿಸಿ ನೋಡಿ, ಇದು ಬೇಗ ಬೆಳೆಯುವ ಜಾತಿ ಎಂದು ಹೇಳಿ ಬರೆದುಕೊಂಡನಂತೆ. ಕುರುಬರ ಮನೆಗಳಲ್ಲಿ ಅರ್ಧಕ್ಕರ್ಧ ಮಕ್ಕಳು ಹೀಗೆ ಜೂನಿನಲ್ಲಿ ಹುಟ್ಟಿದವರೇ.

ಆಸ್ಪತ್ರೆಯ ಮೆಟ್ಟಿಲು ಹತ್ತುವಾಗ ಮಿಕೆಲೀನಾ ಎರಡು ಕಡೆ ನಿಂತಳು. ದೊನಾತಾಳಿಗೆ ಎಪ್ಪತ್ತನಾಲ್ಕು, ಆದರೂ ಉಸಿರು ಕಟ್ಟುವುದು ಅವಳಿಗಲ್ಲ. ಈ ಆರೋಗ್ಯವೂ ಅವಳಿಗೆ ಒಂದು ಅವಮಾನವೇ. ಹೋದ ವಸಂತದಲ್ಲಿ ಊರಿನ ಸಭಾಭವನದಲ್ಲಿ ಎಲ್ಲರ ರಕ್ತ ಪರೀಕ್ಷೆ ಮಾಡಿದಾಗ ಅಲ್ಲಿದ್ದ ನರ್ಸ್ ಅವಳ ಚೀಟಿ ನೋಡಿ, ನಿಮ್ಮದು ಚೊಕ್ಕ ಇದೆ ಅಜ್ಜಿ, ಪುಣ್ಯವಂತರು ಎಂದು ಕೆಳಗಿನ ಬೀದಿಯವರೆಲ್ಲ ಕೂತಿದ್ದ ಬೆಂಚುಗಳ ಮುಂದೆಯೇ ಹೇಳಿದ್ದಳು. ಬೆಂಚಿನ ಮೇಲಿನವರು ತಲೆಯಾಡಿಸಿದರು. ಅವರಲ್ಲಿ ಹತ್ತೊಂಬತ್ತು ಜನರದು ಚೊಕ್ಕ ಇರಲಿಲ್ಲ. ಮೇಲಿನ ಬೀದಿಯಲ್ಲಿ ಎಷ್ಟು ಎಂದು ದೊನಾತಾ ಯಾರನ್ನೂ ಕೇಳಲಿಲ್ಲ, ಕೇಳದೆಯೇ ಗೊತ್ತಿತ್ತು. ಹರೆಯದಲ್ಲಿ ಇಂಜೆಕ್ಷನ್ ಹಾಕಲು ಮನೆಮನೆ ತಿರುಗಿದ ಅವಳ ಕಾಲುಗಳಿಗೆ ಗೊತ್ತಿತ್ತು. ಬೆಳಿಗ್ಗೆ ಆರಕ್ಕೆ ಉಕ್ಕಿನ ಡಬ್ಬಿಯಲ್ಲಿ ಗಾಜಿನ ಸಿರಿಂಜು, ಎರಡು ಸೂಜಿ; ಡಬ್ಬಿಯ ಮುಚ್ಚಳಕ್ಕೆ ಸ್ಪಿರಿಟ್ ಸುರಿದು ಬೆಂಕಿ ಹಚ್ಚಿ ನೀರು ಕುದಿಸುವುದು; ಆಮೇಲೆ ಡಬ್ಬಿಯನ್ನು ಶಾಲಿನ ಕೆಳಗೆ ಹಿಡಿದು ಮೊದಲು ಮೇಲಿನ ಬೀದಿ. ಔಷಧಿ ಅಂಗಡಿಯವನ ಹೆಂಡತಿ, ಮೇಷ್ಟ್ರು, ಕಚೇರಿಯ ಗುಮಾಸ್ತ. ದೊಡ್ಡ ಮನೆಗಳಿಗೆ ಮೊದಲು ಹೋಗುವುದು ಮರ್ಯಾದೆ. ಔಷಧಿ ಅಂಗಡಿಯವನ ಹೆಂಡತಿ, ನನ್ನ ಕಣ್ಣೆದುರೇ ಇನ್ನೊಂದು ಸಲ ಕುದಿಸು ಎನ್ನುತ್ತಿದ್ದಳು, ಇವಳು ಕುದಿಸುತ್ತಿದ್ದಳು. ಅಲ್ಲಿಂದ ಮೆಟ್ಟಿಲು ಇಳಿದು ಕೆಳಗಿನ ಬೀದಿಗೆ ಬಂದರೆ ಯಾರೂ ಕುದಿಸು ಎನ್ನುತ್ತಿರಲಿಲ್ಲ. ಬಂದೆಯಾ ತಾಯಿ ಎಂದು ಕುರ್ಚಿ ಒರೆಸಿ ಕೊಡುತ್ತಿದ್ದರು, ಹೊರಡುವಾಗ ಮೊಟ್ಟೆ ಕೊಡುತ್ತಿದ್ದರು. ಇಪ್ಪತ್ತು ನಿಮಿಷ ಕುದಿಸಲು ಸ್ಪಿರಿಟ್ಟೂ ಇರುತ್ತಿರಲಿಲ್ಲ, ಹೊತ್ತೂ ಇರುತ್ತಿರಲಿಲ್ಲ. ಹತ್ತಿಯಿಂದ ಸೂಜಿ ಒರೆಸಿ ಮುಂದಿನ ಮನೆ. ಕೊನೆಯ ಮನೆ ಅವಳದೇ.

ಒಳಗೆ ಡಾಕ್ಟರ್ ಲೊತೀತೊ ಜ್ಞಾನಸ್ನಾನದ ಚೀಟಿಯನ್ನು ಹರಿಯದಂತೆ ಮೇಜಿನ ಮೇಲೆ ಹರಡಿ ಓದಿದರು. ದೊನಾತಾ ಬಸ್ಸಿನಲ್ಲಿ ಮನಸ್ಸಿನೊಳಗೆ ಹತ್ತು ಸಲ ಹೇಳಿಕೊಂಡು ಬಂದಿದ್ದ ಮಾತು ಒಂದೇ ಉಸಿರಿಗೆ ಹೊರಬಿತ್ತು: ಪುಲ್ಯಾ, ಮಂದೆ, ಅಕ್ಟೋಬರು, ದಂಡ, ಹಲ್ಲು. ಡಾಕ್ಟರು ತಮ್ಮ ಫೋನಿನಲ್ಲಿ ಅರವತ್ತೊಂದು ಹಾಕಿ ಲೆಕ್ಕ ಮಾಡಿ, 3.28 ಎಂದು ತೋರಿಸಿದರು. ದೊನಾತಾ ಕುರ್ಚಿಯ ತುದಿಗೆ ಬಂದಳು. ಆದರೆ ಡಾಕ್ಟರು ಫೋನನ್ನು ಮಗುಚಿ ಇಟ್ಟರು.

"ವಯಸ್ಸನ್ನ ಕಂಪ್ಯೂಟರು ಆರೋಗ್ಯ ಕಾರ್ಡಿನಿಂದ ತಾನೇ ಎತ್ಕೊಳ್ಳುತ್ತೆ ಅಮ್ಮ. ನನಗೆ ಅದನ್ನ ಮುಟ್ಟೋಕೆ ಬಿಡಲ್ಲ. ನಿಮ್ಮ ಮಾತು ನಾನು ನಂಬ್ತೀನಿ, ಅದು ನಂಬಲ್ಲ."

ಕಾರ್ಡು ತಿದ್ದಿಸಬೇಕಾದರೆ ಕೋರ್ಟಿಗೆ ಹೋಗಬೇಕು, ಒಂದು ವರ್ಷವಾದರೂ ಹಿಡಿಯುತ್ತದೆ, ಅಷ್ಟರಲ್ಲಿ ಕಾರ್ಡಿನ ಪ್ರಕಾರವೇ ಅರವತ್ತೊಂದಾಗಿರುತ್ತದೆ ಎಂದೂ ಹೇಳಿದರು. ಅಷ್ಟರಲ್ಲಿ ಇನ್ನೇನಾಗಿರುತ್ತದೆ ಎಂದು ಅವರು ಹೇಳಲಿಲ್ಲ. ಮಿಕೆಲೀನಾ ಅಷ್ಟು ಹೊತ್ತು ತನ್ನದಲ್ಲದ ವಿಷಯವೆಂಬಂತೆ ಕೋಟಿನ ಗುಂಡಿ ತಿರುಗಿಸುತ್ತಿದ್ದವಳು ಆಗ ಬಾಯಿಬಿಟ್ಟಳು.

"ನೋಡಿ ಡಾಕ್ಟರಮ್ಮ, ಗಂಡಿನ ಕಡೆಯವರು ನೋಡೋಕೆ ಬಂದಾಗ ನಮ್ಮಮ್ಮ ನನ್ನ ವಯಸ್ಸು ಇಳಿಸೋಳು. ಈಗ ಅತ್ತಿಗೆ ಏರಿಸ್ತಾಳೆ. ಗಂಡೂ ಸಿಗಲಿಲ್ಲ, ಮಾತ್ರೆನೂ ಸಿಗಲ್ಲ."

ಡಾಕ್ಟರು ನಕ್ಕರು, ನಕ್ಕಿದ್ದಕ್ಕೆ ಸಂಕೋಚವಾಗಿ ಹಾಳೆ ತಿರುವಿದರು. ಆಮೇಲೆ, ಬಂದದ್ದು ಬಂದಿದ್ದೀರಿ, ಇವತ್ತು ಇನ್ನೊಮ್ಮೆ ರಕ್ತ ಕೊಡಿ ಎಂದರು. ಈ ಅಂಕಿಗಳು ದಿನದಿಂದ ದಿನಕ್ಕೆ ಅಲ್ಪಸ್ವಲ್ಪ ಅತ್ತಿತ್ತ ಆಗುತ್ತವೆ; ಪ್ಲೇಟ್‌ಲೆಟ್ಟು ಹತ್ತಿಪ್ಪತ್ತು ಇಳಿದಿದ್ದರೂ ಸಾಕು, ಗೆರೆ ದಾಟುತ್ತದೆ, ಈ ತಿಂಗಳ ಪಟ್ಟಿಗೆ ನಾನೇ ಬರೆದು ಕಳಿಸುತ್ತೇನೆ. ಮಧ್ಯಾಹ್ನ ಎರಡಕ್ಕೆ ಉತ್ತರ ಬರುತ್ತದೆ. ದೊನಾತಾ ಚೀಟಿಯನ್ನು ಮಡಿಚಿ ಚೀಲಕ್ಕೆ ಹಾಕಿಕೊಂಡಳು. ತನ್ನ ಬಳಿ ಕಾಗದವಿದ್ದ ಒಂದೇ ಒಂದು ನಿಜ, ಅದೂ ಯಾರಿಗೂ ಬೇಡದ ನಿಜವಾಗಿತ್ತು. ಇನ್ನೊಂದು ನಿಜ ಹೇಳದೆ ಉಳಿದಿತ್ತು. ಅದನ್ನು ಈಗ ಹೇಳಿಬಿಡಬೇಕೆಂದುಕೊಂಡಳು, ಆದರೆ ಡಾಕ್ಟರು ಆಗಲೇ ಬಾಗಿಲು ತೆರೆದು ಮುಂದಿನವರ ಹೆಸರು ಕರೆಯುತ್ತಿದ್ದರು.

ರಕ್ತ ತೆಗೆಯುವ ಕೋಣೆಯಲ್ಲಿ ಡೆಟಾಲಿನಂಥ ವಾಸನೆ. ತೆಗೆಯುವ ನರ್ಸ್ ದಪ್ಪನೆಯ, ನಿವೃತ್ತಿಗೆ ಹತ್ತಿರವಾದ ಹೆಂಗಸು. ಪ್ಲಾಸ್ಟಿಕ್ ಪೊಟ್ಟಣ ಹರಿದು ಹೊಸ ಸೂಜಿ ತೆಗೆದಳು, ಚುಚ್ಚಿದಳು, ನಾಳ ಸಿಗಲಿಲ್ಲ, ಆ ಸೂಜಿಯನ್ನು ಹಳದಿ ಡಬ್ಬಿಗೆ ಎಸೆದಳು. ಇನ್ನೊಂದು ಪೊಟ್ಟಣ ಹರಿದಳು. ಅದೂ ಹಳದಿ ಡಬ್ಬಿಗೆ. ಎಷ್ಟು ಸುಲಭವಾಗಿ ಎಸೆಯುತ್ತಾಳೆ ಎಂದು ದೊನಾತಾ ನೋಡುತ್ತಿದ್ದಳು. ಅವಳ ಎರಡು ಸೂಜಿ ಹದಿನಾಲ್ಕು ವರ್ಷ ಬಾಳಿದ್ದವು, ಮೊನಚು ಹೋದಾಗ ಬೆಂಕಿಪೆಟ್ಟಿಗೆಯ ಪಕ್ಕಕ್ಕೆ ಉಜ್ಜುತ್ತಿದ್ದಳು. ಮಿಕೆಲೀನಾಳ ಎರಡೂ ಮೊಣಕೈಯ ಒಳಗೆ ಹತ್ತಿ ಅಂಟಿತ್ತು. ನರ್ಸ್ ಬೆವರು ಒರೆಸಿಕೊಂಡು, ನಿಮ್ಮ ನಾಳ ಓಡಿಹೋಗುತ್ತವೆ ಎಂದು ಬೇಸರದಿಂದ ಹೇಳಿದಳು. ಆಗ ಮಿಕೆಲೀನಾ ಎಡಗೈಯನ್ನು ನರ್ಸಿನ ಕಡೆಯಿಂದ ಎಳೆದುಕೊಂಡು ದೊನಾತಾಳ ಕಡೆ ಚಾಚಿದಳು.

"ಅತ್ತಿಗೆ, ನೀನು ಹುಡುಕಿಕೊಡು. ನಿನ್ನ ಕೈಗಾದ್ರೆ ಸಿಗುತ್ತೆ."

ನೀವೂ ನರ್ಸಾಗಿದ್ದಿರಾ ಎಂದು ಆ ಹೆಂಗಸು ಕೇಳಿದಳು. ದೊನಾತಾ ಇಲ್ಲವೆಂದು ತಲೆಯಾಡಿಸಿದಳು. ನಮ್ಮೂರಿನ ಸೂಜಿಯೆಲ್ಲ ಅವಳದೇ ಎಂದಳು ಮಿಕೆಲೀನಾ. ಹೆಮ್ಮೆಯಿಂದ ಹೇಳಿದಳೇ, ಬೇರೆ ಏನಾದರೂ ಇತ್ತೇ ಎಂದು ದೊನಾತಾ ಅವಳ ಮುಖದಲ್ಲಿ ಹುಡುಕಿದಳು. ಅಲ್ಲಿ ದಣಿವು ಬಿಟ್ಟು ಬೇರೇನೂ ಕಾಣಲಿಲ್ಲ. ಕೈ ಎದುರಿಗೇ ಇತ್ತು, ತೆಳ್ಳಗೆ, ಚರ್ಮ ಒಣಗಿ, ಹುಡುಗಿಯಾಗಿದ್ದಾಗಿನ ಮಚ್ಚೆ ಹಾಗೇ ಇತ್ತು. ನಲವತ್ತು ವರ್ಷದಿಂದ ಆ ಕೆಲಸ ಮುಟ್ಟದ ಬೆರಳು ತಾನಾಗಿ ಮೊಣಕೈಯ ಮಡಿಕೆಯಿಂದ ಎರಡಂಗುಲ ಕೆಳಗೆ ಹೋಗಿ ಒಂದು ಕಡೆ ನಿಂತಿತು, ಒತ್ತಿತು, ಬಿಟ್ಟಿತು. ಇಲ್ಲಿ ಎಂದಳು. ನರ್ಸ್ ಮೂರನೆಯ ಪೊಟ್ಟಣ ಹರಿದಳು. ರಕ್ತ ಸಲೀಸಾಗಿ ನಳಿಗೆಗೆ ಬಂತು. ಬೆರಳಿಗೆ ಒಂದು ಕ್ಷಣ ಖುಷಿಯಾದದ್ದು ದೊನಾತಾಳಿಗೆ ಗೊತ್ತಾಯಿತು. ಗೊತ್ತಾದ ಕೂಡಲೆ ಅವಳಿಗೆ ತನ್ನ ಮೇಲೆ ಹೇಸಿಗೆ ಬಂತು.

ಎರಡು ಗಂಟೆಯವರೆಗೆ ಅವರು ಹಜಾರದ ಬೆಂಚಿನ ಮೇಲೆ ಕೂತರು. ಮಿಕೆಲೀನಾ ಬ್ರೆಡ್ಡು, ಗಿಣ್ಣು ತಂದಿದ್ದಳು, ಎರಡು ತುತ್ತು ತಿಂದು ಮತ್ತೆ ನಿದ್ದೆ ಹೋದಳು, ಈ ಸಲ ಅತ್ತಿಗೆಯ ಭುಜದ ಮೇಲೆ. ದೊನಾತಾ ಮಾತೆ ಮರಿಯಳಿಗೆ ಪ್ರಾರ್ಥನೆ ಶುರುಮಾಡಿ ನಡುವೆ ನಿಲ್ಲಿಸಿದಳು. ಏನೆಂದು ಬೇಡುವುದು? ಇವಳ ರಕ್ತ ಕೆಟ್ಟಿರಲಿ ಎಂದೇ? ನಾನು ಹಾಕಿದ ಕಲೆ ಸಾಲದು, ಇನ್ನೂ ಸ್ವಲ್ಪ ಹೆಚ್ಚಿರಲಿ, ಒಂದು ಗೆರೆಯಷ್ಟು, ಎಂದೇ? ಬಾಯಿ ಮುಚ್ಚಿಕೊಂಡು ಬರೀ ಜಪಮಣಿ ಎಣಿಸಿದಳು. ಎದುರಿನ ಗೋಡೆಯ ಮೇಲೆ ಕೈ ತೊಳೆಯುವ ವಿಧಾನದ ಚಿತ್ರವಿತ್ತು. ಅವಳಿಗೆ ಕಂಡದ್ದು ಬೇರೊಂದು ಗೋಡೆ: ಅವತ್ತು ಕೆಳಗಿನ ಬೀದಿಯ ನಿಕಾಂದ್ರೊ ಮಗ್ಗುಲಾಗಿ ಮಲಗಿದ್ದ, ಗೋಡೆಯ ಕಡೆ ಮುಖ ಮಾಡಿ. ಅವನು ಕುದುರೆಯ ಜೀನು ಹೊಲಿಯುವವನು, ಬೆಲ್ಜಿಯಂನ ಗಣಿಯಿಂದ ಎದೆ ಕೆಡಿಸಿಕೊಂಡು ಬಂದಿದ್ದ, ದಿನಾ ಒಂದು ಸ್ಟ್ರೆಪ್ಟೊಮೈಸಿನ್ ಇಂಜೆಕ್ಷನ್. ಅರವತ್ತನಾಲ್ಕನೆಯ ಇಸವಿಯ ಮಾರ್ಚು, ಮಧ್ಯಾಹ್ನ. ಸೂಜಿ ತೆಗೆದಾಗ ಅವನು ತಿರುಗಿ ಇವಳನ್ನು ನೋಡಿದ, ಕಣ್ಣಿನ ಬಿಳಿಯೆಲ್ಲ ಹಳದಿ. ಇವಳು ಆ ಹಳದಿಯನ್ನು ನೋಡಿದಳು. ನೋಡಲಿಲ್ಲ ಎಂದು ಹೇಳಿಕೊಳ್ಳುವ ಹಾಗಿಲ್ಲ, ಏಕೆಂದರೆ ಅವನ ಹೆಂಡತಿಗೆ, ಇವನ ವೈನು ಸ್ವಲ್ಪ ಕಡಿಮೆ ಮಾಡಿಸು ಎಂದು ಹೇಳಿಯೇ ಹೊರಟಿದ್ದಳು. ಹತ್ತಿ ಅವತ್ತು ಒಣಗಿತ್ತು. ಸ್ಪಿರಿಟ್ಟಿನ ಶೀಸೆ ಖಾಲಿಯಾಗಿತ್ತು. ಒಣ ಹತ್ತಿಯಲ್ಲೇ ಒರೆಸಿ ಡಬ್ಬಿಗೆ ಹಾಕಿಕೊಂಡು ಮನೆಗೆ ಬಂದಳು.

ಮನೆಯಲ್ಲಿ ಅತ್ತೆ ಬಾಗಿಲಲ್ಲೇ ಕಾದಿದ್ದರು. ಮದುವೆಯಾಗಿ ಬಂದು ಒಂದು ವರ್ಷವೂ ಆಗದ ಸೊಸೆಗೆ ಅತ್ತೆಯ ಕಣ್ಣಲ್ಲಿ ಇದ್ದ ಬೆಲೆಯೆಲ್ಲ ಆ ಉಕ್ಕಿನ ಡಬ್ಬಿಯಿಂದಲೇ. ಗಂಡ ಲೊರೆತೊನ ಪುಟ್ಟ ತಂಗಿಗೆ ರಕ್ತವಿಲ್ಲ, ಬಿಳಿಚಿಕೊಂಡಿದ್ದಾಳೆ, ಊರಿನ ಡಾಕ್ಟರು ಕರುವಿನ ಯಕೃತ್ತಿನ ಸಾರದ ಇಂಜೆಕ್ಷನ್ ಬರೆದುಕೊಟ್ಟಿದ್ದಾರೆ, ನಲವತ್ತು ದಿನ. ಕಂದು ಬಣ್ಣದ ಗಾಜಿನ ಶೀಸೆ, ಒಡೆದರೆ ಕಮಟು ವಾಸನೆ. ಮೈಗೆ ರಕ್ತ ತುಂಬಲಿ ಎಂದು ಕೊಟ್ಟದ್ದು. ಕುದಿಸಿ ಬರುತ್ತೇನೆ ಎಂದು ಅವಳು ಅಂದಳೇ? ಅಂದ ಹಾಗೆ ನೆನಪು. ಅತ್ತೆ, ನಮ್ಮನೆ ಮಗುವಿಗೆ ಏನು ಉಪಚಾರ, ಬೇಗ ಹಾಕು, ಊಟ ಆರುತ್ತದೆ ಎಂದ ಹಾಗೆಯೂ ನೆನಪು. ಆದರೆ ಈ ನೆನಪು ಐವತ್ತು ವರ್ಷದಲ್ಲಿ ತಾನೇ ತನ್ನ ಅನುಕೂಲಕ್ಕೆ ಹೊಲಿದುಕೊಂಡದ್ದೋ ಎಂಬ ಅನುಮಾನ ಅವಳನ್ನು ಬಿಟ್ಟಿಲ್ಲ. ಸತ್ತ ಅತ್ತೆಯ ಮೇಲೆ ಹಾಕುವುದು ಸುಲಭ. ಹುಡುಗಿ ಅಳುತ್ತಿರಲಿಲ್ಲ, ಲಂಗ ಎತ್ತಿ ತಾನೇ ಮಂಚದ ಮೇಲೆ ಬೋರಲು ಮಲಗುತ್ತಿದ್ದಳು. ಚುಚ್ಚಿದ ಮೇಲೆ ದೊನಾತಾ ಅವಳ ಬಾಯಿಗೆ ಒಂದು ಒಣ ಅಂಜೂರ ಇಟ್ಟು, ಆಯ್ತು, ತಿನ್ನು ಎನ್ನುತ್ತಿದ್ದಳು. ಆ ಅಂಜೂರಕ್ಕಾಗಿ ಹುಡುಗಿ ದಿನಾ ತಾನೇ ಹೊತ್ತು ನೆನಪಿಸುತ್ತಿದ್ದಳು. ಹಜಾರದಲ್ಲಿ ಭುಜದ ಮೇಲಿನ ತಲೆ ಜಾರಿತು, ದೊನಾತಾ ಅದನ್ನು ಮೆಲ್ಲಗೆ ಎತ್ತಿ ಮತ್ತೆ ಇಟ್ಟುಕೊಂಡಳು.

ಎರಡೂಕಾಲಿಗೆ ಡಾಕ್ಟರು ತಾವೇ ಹೊರಗೆ ಬಂದು ಕರೆದರು. ಪ್ಲೇಟ್‌ಲೆಟ್ಟು ನೂರ ಎಪ್ಪತ್ತೊಂದಕ್ಕೆ ಇಳಿದಿದೆ, ಉತ್ತರ 3.45, ಪಟ್ಟಿಗೆ ಸೇರಿತು ಎಂದರು. ದೊನಾತಾಳಿಗೆ ಗೊತ್ತಾಗುವ ಮೊದಲೇ ಅವಳು ಎದ್ದು ಮಿಕೆಲೀನಾಳನ್ನು ತಬ್ಬಿಕೊಂಡಿದ್ದಳು, ದಾಟಿತಲ್ಲ, ದಾಟಿತಲ್ಲ ಎನ್ನುತ್ತಿದ್ದಳು. ಬೆಂಚಿನ ಮೇಲಿದ್ದ ಇನ್ನಿಬ್ಬರು ಅವರನ್ನು ಅಸೂಯೆಯಿಂದ ನೋಡಿದರು. ತಬ್ಬಿದ ಮೈಯ ಎಲುಬು ಕೈಗೆ ಹತ್ತಿತು. ಆಗ ಹೊಳೆಯಿತು, ತಾನು ಯಾವುದಕ್ಕೆ ಸಂತೋಷಪಡುತ್ತಿದ್ದೇನೆ ಎಂದು. ಕೈ ಸಡಿಲವಾಯಿತು. ಮಿಕೆಲೀನಾ ಕಣ್ಣು ಉಜ್ಜಿಕೊಳ್ಳುತ್ತ, ಅಂತೂ ಪರೀಕ್ಷೆ ಪಾಸಾದೆ ಎಂದಳು.

ಒಳಗೆ ಡಾಕ್ಟರು ಅರ್ಜಿಯನ್ನು ತುಂಬತೊಡಗಿದರು. ಹೆಸರು, ಊರು, ತೂಕ, ನುಂಗುವ ಬೇರೆ ಮಾತ್ರೆಗಳು. ಹುಟ್ಟಿದ ತಾರೀಖನ್ನು ಕಂಪ್ಯೂಟರು ತಾನೇ ತುಂಬಿಕೊಂಡಿತ್ತು. ಸೋಂಕು ತಗುಲಿದ ಬಗೆ ಎಂಬ ಕಡೆ ಅವರು ನಿಂತು, ಹೋದ ಸಲ ಗೊತ್ತಿಲ್ಲ ಅಂದಿದ್ದಿರಿ, ಹಾಗೇ ಇರಲೇ ಎಂದು ಮಿಕೆಲೀನಾಳನ್ನು ಕೇಳಿದರು. ಹೋದ ಸಲ. ಆಗ ದೊನಾತಾ ಹೊರಗೆ ಚೀಟಿ ಮಾಡಿಸುವ ಸಾಲಿನಲ್ಲಿದ್ದಳು. ಅಂದರೆ ತನ್ನ ಬೆನ್ನ ಹಿಂದೆ ಈ ಪ್ರಶ್ನೆ ಬಂದಿತ್ತು, ತನ್ನ ಬೆನ್ನ ಹಿಂದೆ ಉತ್ತರವೂ ಹೋಗಿತ್ತು. ಕೆಳಗಿನ ಬೀದಿಯ ಹತ್ತೊಂಬತ್ತು ಜನರೂ ಇದೇ ಕುರ್ಚಿಯಲ್ಲಿ ಕೂತು ಇದೇ ಉತ್ತರ ಕೊಟ್ಟಿರಬೇಕು. ಸಂಜೆ ಬಾಗಿಲ ಮುಂದೆ ಅವಳಿಗೆ ನಮಸ್ಕಾರ ಹೇಳುವವರು, ಮೊದಲ ಟೊಮೇಟೊ ತಂದುಕೊಡುವವರು. ಬೈದಿದ್ದರೆ ಬಾಗಿಲು ಹಾಕಿಕೊಳ್ಳಬಹುದಿತ್ತು. ಅವಳು ಮೇಜಿನ ಅಂಚನ್ನು ಹಿಡಿದುಕೊಂಡಳು.

"ಗೊತ್ತಿದೆ ಡಾಕ್ಟರಮ್ಮ. ನಾನೇ. ಗಾಜಿನ ಸಿರಿಂಜು. ಅರವತ್ತನಾಲ್ಕರಲ್ಲಿ, ಮಾರ್ಚಿನಲ್ಲಿ. ಅವನ ಕಣ್ಣು ಹಳದಿ ಇದ್ದದ್ದು ನೋಡಿದ್ದೆ. ಕುದಿಸದೆ ಇವಳಿಗೆ ಹಾಕಿದೆ."

ಡಾಕ್ಟರು ಕನ್ನಡಕ ತೆಗೆದರು. ಅವರ ಮಾತಿನಲ್ಲಿ ಆರೋಪವಿರಲಿಲ್ಲ, ಅದೇ ಕಷ್ಟವಾದದ್ದು. ನಮ್ಮ ಕಡೆ ಪ್ರತಿ ಊರಿನಲ್ಲೂ ನಿಮ್ಮಂಥ ಒಬ್ಬರು ಇದ್ದರು, ನಮ್ಮಜ್ಜಿಯ ಊರಿನಲ್ಲೂ ಇದ್ದರು, ಆ ಕಾಲದಲ್ಲಿ ಯಾರಿಗೂ ಗೊತ್ತಿರಲಿಲ್ಲ ಎಂದರು. ಮಾರ್ಚು, ನಿಕಾಂದ್ರೊ, ಒಣ ಹತ್ತಿ, ಎಲ್ಲ ಕರಗಿ ತಾನು ಎಲ್ಲರಂಥ ಒಬ್ಬಳಾಗಿ ಹೋದದ್ದನ್ನು ದೊನಾತಾ ನೋಡುತ್ತ ಕೂತಳು. ಐವತ್ತು ವರ್ಷ ಹೊತ್ತದ್ದನ್ನು ಇಳಿಸಿದರೆ ಇಲ್ಲಿ ಇಡಲು ಜಾಗವೇ ಇರಲಿಲ್ಲ. ಲೆಕ್ಕದಲ್ಲಿ ವಯಸ್ಸಿಗೆ ಜಾಗವಿದೆ, ಎರಡು ಎಂಜೈಮಿಗಿದೆ, ಪ್ಲೇಟ್‌ಲೆಟ್ಟಿಗಿದೆ. ಇದನ್ನು ಬರೆದರೂ ಬಿಟ್ಟರೂ ಪಟ್ಟಿಗೆ ವ್ಯತ್ಯಾಸವಾಗುವುದಿಲ್ಲ ಎಂದು ಡಾಕ್ಟರು ಹೇಳಿ, ಅರ್ಜಿ ನಿಮ್ಮದು, ಏನೆಂದು ಬರೆಯಲಿ ಎಂದು ಮಿಕೆಲೀನಾಳ ಕಡೆ ತಿರುಗಿದರು.

ಮಿಕೆಲೀನಾ ಅತ್ತಿಗೆಯ ಕಡೆ ನೋಡಲಿಲ್ಲ. ಕೋಟಿನ ಗುಂಡಿಯನ್ನು ನಿಧಾನವಾಗಿ ಹಾಕಿಕೊಂಡಳು, ಮೇಲಿನಿಂದ ಕೆಳಗಿನವರೆಗೆ.

"ಗೊತ್ತಿಲ್ಲ ಅಂತಲೇ ಇರಲಿ. ಅದ್ರಲ್ಲಿ ನಾನು ಹುಟ್ಟಿದ ದಿನವೇ ಸುಳ್ಳು. ಇದೊಂದು ಮಾತ್ರ ನಿಜ ಯಾಕೆ ಬೇಕು."

ಡಾಕ್ಟರು ಒಂದು ಗುಂಡಿ ಒತ್ತಿದರು. ಮೂಲೆಯ ಯಂತ್ರದಿಂದ ಹಾಳೆ ಹೊರಬಂತು, ಇನ್ನೂ ಬೆಚ್ಚಗಿತ್ತು. ರೋಗಿಯ ಸಹಿ ಒಂದು ಕಡೆ. ಮಾತ್ರೆಯನ್ನು ಎಂಬತ್ತನಾಲ್ಕು ದಿನ ತಪ್ಪದೆ ನುಂಗಿಸುವ ಜವಾಬ್ದಾರಿ ಹೊತ್ತವರ ಸಹಿ ಇನ್ನೊಂದು ಕಡೆ. ಮಿಕೆಲೀನಾ ತನ್ನದನ್ನು ಹಾಕಿ ಹಾಳೆಯನ್ನು ತಳ್ಳಿದಳು, ಸಹಿ ಹಾಕು ಅತ್ತಿಗೆ, ಬಸ್ಸಿಗೆ ಹೊತ್ತಾಯ್ತು ಎಂದಳು. ದೊನಾತಾ ಕನ್ನಡಕ ಹುಡುಕಿದಳು. ತನ್ನ ಹೆಸರು ಬರಬೇಕಾದ ಗೆರೆಗೆ ಸರಿಯಾಗಿ ಮೇಲೆ, ದಪ್ಪ ಅಕ್ಷರದಲ್ಲಿ, ಸೋಂಕು ತಗುಲಿದ ಬಗೆ: ಗೊತ್ತಿಲ್ಲ. ಪೆನ್ನಿನ ಮುಚ್ಚಳ ತೆಗೆದಳು. ಇದು ಕ್ಷಮೆಯೋ, ಅಥವಾ ನಿನ್ನ ತಪ್ಪನ್ನು ನೀನೇ ಇಟ್ಟುಕೋ, ಅದರಲ್ಲಿ ನನಗೆ ಪಾಲು ಬೇಡ ಎಂಬುದೋ? ಕೇಳಿದರೆ ಇವಳು ನಗುತ್ತಾಳೆ, ಇಲ್ಲದಿದ್ದರೆ ನಿದ್ದೆ ಹೋಗುತ್ತಾಳೆ. ಆ ಪದದ ಕೆಳಗೆ ಅವಳು ತನ್ನ ಪೂರ್ತಿ ಹೆಸರನ್ನು ಬರೆದಳು.

ಬಸ್ ನಿಲ್ದಾಣದಲ್ಲಿ ಗಾಳಿ ಕೊಯ್ಯುತ್ತಿತ್ತು. ಮಿಕೆಲೀನಾ ಬ್ರೆಡ್ಡು ಸುತ್ತಿ ತಂದಿದ್ದ ಬಟ್ಟೆಯ ಗಂಟಿನ ಮೂಲೆಯಲ್ಲಿ ತಡಕಾಡಿ ಏನನ್ನೋ ತೆಗೆದಳು, ಅತ್ತಿಗೆಯ ಕೈಗೆ ಕೊಡದೆ ನೇರವಾಗಿ ಬಾಯಿಯ ಹತ್ತಿರ ಹಿಡಿದಳು. ಒಣ ಅಂಜೂರ.

"ಆಯ್ತು, ತಿನ್ನು," ಅಂದಳು.

ದೊನಾತಾ ಬಾಯಿ ತೆರೆದಳು. ಬಸ್ಸು ಬಂತು, ಮಿಕೆಲೀನಾ ಕಿಟಕಿಯ ಪಕ್ಕ ಕೂತಳು, ತಿರುವು ದಾಟುವ ಮೊದಲೇ ನಿದ್ದೆ ಹೋದಳು. ಅಂಜೂರ ಊರು ಬರುವವರೆಗೂ ದೊನಾತಾಳ ದವಡೆಯಲ್ಲೇ ಇತ್ತು. ಅವಳಿಗೆ ಅದನ್ನು ಅಗಿಯಲೂ ಆಗಲಿಲ್ಲ, ಉಗಿಯಲೂ ಆಗಲಿಲ್ಲ.